ಇಂಗ್ಲಿಷಿನ ಸಾಲದ ನುಡಿಗಟ್ಟುಗಳನ್ನು ಬಿಡಿಸಿಕೊಳ್ಳುವುದು ಹೇಗೆ

ಅನುವಾದದ ಕೆಲಸಕ್ಕೆ ಕೈಹಾಕಿದ ಹೊಸದರಲ್ಲಿ ನಾನು ಮಾಡಿದ ಒಂದು ತಪ್ಪನ್ನು ನೆನೆದರೆ ಇಂದಿಗೂ ನಗು ಬರುತ್ತದೆ. ಸೆರೆಮನೆಯಿಂದ ಬಿಡುಗಡೆಯಾದ ವ್ಯಕ್ತಿಯೊಬ್ಬನ ಕುರಿತ ಲೇಖನದಲ್ಲಿ ‘ಹೀ ಹ್ಯಾಸ್ ಪೇಯ್ಡ್ ಹಿಸ್ ಡೆಟ್ ಟು ಸೊಸೈಟಿ’ ಎಂಬ ವಾಕ್ಯವಿತ್ತು. ನಾನು ಅದನ್ನು ‘ಆತ ಸೊಸೈಟಿಯ ಸಾಲವನ್ನು ತೀರಿಸಿದ್ದಾನೆ’ ಎಂದು ಬರೆದು, ಯಾವ ಅನುಮಾನವೂ ಇಲ್ಲದೆ ಮುಂದಿನ ಪ್ಯಾರಾಕ್ಕೆ ಹೋಗಿದ್ದೆ. ಕರಡು ತಿದ್ದಿದ ಹಿರಿಯರು ಅಂಚಿನಲ್ಲಿ ‘ಎಷ್ಟು ಬಡ್ಡಿಗೆ ತೆಗೆದಿದ್ದ?’ ಎಂದಷ್ಟೇ ಗೀಚಿ ಹಾಳೆಯನ್ನು ಮರಳಿಸಿದರು. ಆ ವಾಕ್ಯದ ಅರ್ಥ, ಆತ ತನ್ನ ಅಪರಾಧಕ್ಕೆ ವಿಧಿಸಿದ ಶಿಕ್ಷೆಯನ್ನು ಪೂರ್ತಿಯಾಗಿ ಅನುಭವಿಸಿ ಹೊರಬಂದಿದ್ದಾನೆ ಎಂಬುದಾಗಿತ್ತು. ಅದರಲ್ಲಿ ಹಣದ ಸುಳಿವೇ ಇರಲಿಲ್ಲ.

ವಾಕ್ಯದ ಪ್ರತಿಯೊಂದು ಪದವೂ ನನಗೆ ಗೊತ್ತಿತ್ತು ಎಂಬುದೇ ಇಲ್ಲಿನ ತೊಡಕು. ಇಂಗ್ಲಿಷಿನ ಸಾಲದ ನುಡಿಗಟ್ಟುಗಳು ಕಠಿಣ ಪದಗಳಿಂದಾಗಿ ಕಷ್ಟವಾಗುವುದಿಲ್ಲ. ಪದಗಳು ತೀರಾ ಸುಲಭವಾಗಿರುವುದರಿಂದ ನಾವು ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಅರ್ಥಗಳ ಉದ್ದನೆಯ ಪಟ್ಟಿಯನ್ನು ಕೊಡುವ ಬದಲು, ಇಂಥ ಮಾತು ಎದುರಾದಾಗ ಯಾವ ಪ್ರಶ್ನೆಗಳನ್ನು ಯಾವ ಅನುಕ್ರಮದಲ್ಲಿ ಕೇಳಿಕೊಳ್ಳಬೇಕು ಎಂಬುದನ್ನು ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ‘ಕ್ರೆಡಿಟ್’ ಎಂಬ ಪದವನ್ನೇ ಬಿಚ್ಚಿ ನೋಡುವುದು

ಖಾತೆಗೆ ಹಣ ‘ಕ್ರೆಡಿಟ್’ ಆಗಿದೆ ಎಂದು ಬ್ಯಾಂಕು ತಿಳಿಸಿದಾಗ ಹಣ ಬಂದಿರುತ್ತದೆ. ಸರಕನ್ನು ‘ಕ್ರೆಡಿಟ್’ ಮೇಲೆ ಕೊಟ್ಟಿದ್ದೇನೆ ಎಂದು ವ್ಯಾಪಾರಿ ಹೇಳಿದಾಗ ಹಣ ಇನ್ನೂ ಬಂದಿರುವುದಿಲ್ಲ. ಕನ್ನಡದಲ್ಲಿ ಮೊದಲನೆಯದು ಜಮಾ, ಎರಡನೆಯದು ಉದ್ದರಿ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಇಂಗ್ಲಿಷಿನಲ್ಲಿ ಮಾತ್ರ ಒಂದೇ ಪದ ಎರಡು ದಿಕ್ಕಿಗೂ ತಿರುಗುತ್ತದೆ.

ಈ ಗೊಂದಲವನ್ನು ಬಿಡಿಸುವ ಕೀಲಿ ಪದದ ಮೂಲದಲ್ಲಿದೆ. ಲ್ಯಾಟಿನ್ ಭಾಷೆಯ ‘ಕ್ರೆದೆರೆ’ ಎಂದರೆ ನಂಬುವುದು. ವ್ಯಾಪಾರಿ ನಿಮ್ಮನ್ನು ನಂಬಿ ಸರಕು ಕೊಟ್ಟಿದ್ದಾನೆ, ಆದ್ದರಿಂದ ಅದು ಕ್ರೆಡಿಟ್. ಬ್ಯಾಂಕಿನಲ್ಲಿ ಇಟ್ಟ ಹಣವನ್ನು ಬ್ಯಾಂಕು ನಿಮಗೆ ಮರಳಿ ಕೊಡಬೇಕಾಗಿದೆ. ಅಲ್ಲಿ ನಂಬಿದವರು ನೀವು, ಬ್ಯಾಂಕೇ ಸಾಲ ಪಡೆದವರ ಸ್ಥಾನದಲ್ಲಿದೆ, ಆದ್ದರಿಂದ ಅದರ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದಿನ ಮೊತ್ತವೂ ಕ್ರೆಡಿಟ್. ಎರಡೂ ಕಡೆ ಇರುವುದು ನಂಬಿಕೆಯೇ. ನಂಬಿದವರು ಯಾರು ಎಂಬುದಷ್ಟೇ ಬದಲಾಗಿದೆ.

ಈ ಒಂದು ತಿಳಿವಳಿಕೆ ಕೈಗೆ ಬಂದರೆ, ಹಣವೇ ಇಲ್ಲದ ಕ್ರೆಡಿಟ್‌ಗಳೂ ತಾವಾಗಿ ಬಿಡಿಸಿಕೊಳ್ಳುತ್ತವೆ. ‘ಟು ಹಿಸ್ ಕ್ರೆಡಿಟ್, ಹೀ ಅಡ್ಮಿಟೆಡ್ ದ ಮಿಸ್ಟೇಕ್’ ಎಂದರೆ, ತಪ್ಪನ್ನು ಒಪ್ಪಿಕೊಂಡದ್ದು ಅವನ ಬಗ್ಗೆ ಮೆಚ್ಚಿ ಹೇಳಬೇಕಾದ ಮಾತು ಎಂದರ್ಥ. ‘ಗಿವ್ ಕ್ರೆಡಿಟ್ ವೇರ್ ಕ್ರೆಡಿಟ್ ಈಸ್ ಡ್ಯೂ’ ಎಂಬುದು, ಮೆಚ್ಚುಗೆ ಯಾರಿಗೆ ಸಲ್ಲಬೇಕೋ ಅವರಿಗೇ ಸಲ್ಲಲಿ ಎನ್ನುವ ಮಾತು. ‘ಟೇಕ್ ದ ಕ್ರೆಡಿಟ್’ ಎಂಬುದನ್ನು ಸಾಲ ತೆಗೆದುಕೊಳ್ಳುವುದು ಎಂದು ಓದಿದರೆ ಇಡೀ ವಾಕ್ಯ ದಾರಿ ತಪ್ಪುತ್ತದೆ. ಅದು ಯಶಸ್ಸಿನ ಶ್ರೇಯಸ್ಸನ್ನು ತನ್ನದೆಂದು ಹೇಳಿಕೊಳ್ಳುವುದು, ಅನೇಕ ವೇಳೆ ಇನ್ನೊಬ್ಬರು ಪಟ್ಟ ಶ್ರಮದ ಶ್ರೇಯಸ್ಸನ್ನು. ‘ಐ ಗೇವ್ ಯು ಮೋರ್ ಕ್ರೆಡಿಟ್ ದ್ಯಾನ್ ದಟ್’ ಎಂದು ಯಾರಾದರೂ ನಿಮಗೆ ಹೇಳಿದರೆ ಸಂತೋಷಪಡಬೇಡಿ. ‘ನೀನು ಇದಕ್ಕಿಂತ ಬುದ್ಧಿವಂತ ಎಂದುಕೊಂಡಿದ್ದೆ’ ಎಂಬುದು ಅದರ ತಾತ್ಪರ್ಯ.

ಇನ್ನು ‘ಡೆಟ್’ ಎಂಬ ಪದದ ಉಚ್ಚಾರಣೆಯ ಬಗ್ಗೆ ಒಂದು ಮಾತು. ಬರವಣಿಗೆಯಲ್ಲಿ ಅದರ ನಡುವೆ ‘ಬಿ’ ಅಕ್ಷರ ಕುಳಿತಿರುವುದರಿಂದ ಅನೇಕರು ‘ಡೆಬ್ಟ್’ ಎಂದು ಉಚ್ಚರಿಸುತ್ತಾರೆ. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ ಈ ಪದದಲ್ಲಿ ಆ ಅಕ್ಷರ ಇರಲಿಲ್ಲ. ಲ್ಯಾಟಿನ್ನಿನ ‘ದೆಬಿತುಮ್’ ಎಂಬ ಮೂಲವನ್ನು ನೆನಪಿಸಲು 15-16ನೇ ಶತಮಾನಗಳಲ್ಲಿ ವಿದ್ವಾಂಸರು ಅದನ್ನು ಬರಹಕ್ಕೆ ಸೇರಿಸಿದರು. ನಾಲಿಗೆ ಮಾತ್ರ ಅದನ್ನು ಎಂದೂ ಒಪ್ಪಿಕೊಳ್ಳಲಿಲ್ಲ. ‘ಡೌಟ್’ ಎಂಬ ಪದದ ಕತೆಯೂ ಇದೇ.

ಎರಡನೆಯ ಹೆಜ್ಜೆ: ‘ಎಷ್ಟು?’ ಎಂದು ಕೇಳುವುದು

ನನ್ನ ಕರಡಿನ ಅಂಚಿನಲ್ಲಿ ಆ ಹಿರಿಯರು ಬರೆದ ಪ್ರಶ್ನೆಯೇ ಅತ್ಯುತ್ತಮ ಪರೀಕ್ಷೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ವಾಕ್ಯದಲ್ಲಿ ಡೆಟ್, ಓ, ಪೇ, ಡ್ಯೂ, ಬಾರೋ ಮುಂತಾದ ಪದ ಕಂಡ ಕೂಡಲೇ ‘ಎಷ್ಟು?’ ಎಂದು ಕೇಳಿ ನೋಡಿ. ಉತ್ತರವಾಗಿ ಒಂದು ಮೊತ್ತವನ್ನು ಕಲ್ಪಿಸಿಕೊಳ್ಳಲು ಸಾಧ್ಯವಾದರೆ ಮಾತು ಹಣದ್ದು. ಪ್ರಶ್ನೆಯೇ ಹಾಸ್ಯಾಸ್ಪದವಾಗಿ ಕಂಡರೆ ಮಾತು ಬೇರೆ ಯಾವುದೋ ಋಣದ್ದು.

‘ಡೆಟ್ ಆಫ್ ಗ್ರ್ಯಾಟಿಟ್ಯೂಡ್’ ಎಂಬುದಕ್ಕೆ ಮೊತ್ತವಿಲ್ಲ; ಅದು ಉಪಕಾರದ ಋಣ. ‘ಪೇ ದ ಡೆಟ್ ಆಫ್ ನೇಚರ್’ ಎಂದರೆ ಸಾಯುವುದು. ಹಳೆಯ ಬರಹಗಳಲ್ಲಿ ಕಾಣಸಿಗುವ ಈ ಮಾತು, ‘ಅವನ ಋಣ ಮುಗಿಯಿತು’ ಎನ್ನುವ ನಮಗೆ ಸ್ವಲ್ಪವೂ ಅಪರಿಚಿತವೆನಿಸದು. ‘ಪೇ ಯುವರ್ ಡ್ಯೂಸ್’ ಎಂಬುದು ಅಕ್ಷರಶಃ ಸದಸ್ಯತ್ವದ ಶುಲ್ಕ ಕಟ್ಟುವುದಾದರೂ, ನುಡಿಗಟ್ಟಾಗಿ ಬಂದಾಗ ಕೆಳಗಿನ ಮೆಟ್ಟಿಲಿನಿಂದ ಕಷ್ಟಪಟ್ಟು ದುಡಿದು ಒಂದು ಸ್ಥಾನಕ್ಕೆ ಅರ್ಹರಾಗುವುದು ಎಂಬ ಅರ್ಥ ಕೊಡುತ್ತದೆ. ‘ಲಿವಿಂಗ್ ಆನ್ ಬಾರೋಡ್ ಟೈಮ್’ ಎಂದರೆ, ಮುಗಿದುಹೋಗಬೇಕಿದ್ದ ಆಯುಸ್ಸು ಹೇಗೋ ಇನ್ನೂ ಮುಂದುವರಿದಿರುವುದು. ‘ಗಿವ್ ದ ಡೆವಿಲ್ ಹಿಸ್ ಡ್ಯೂ’ ಎಂಬುದು, ನಮಗೆ ಇಷ್ಟವಿಲ್ಲದವನಲ್ಲಿ ಒಳ್ಳೆಯದೇನಾದರೂ ಇದ್ದರೆ ಅದನ್ನು ಒಪ್ಪಿಕೊಳ್ಳಬೇಕು ಎನ್ನುತ್ತದೆ.

ಕಿವಿಯನ್ನಷ್ಟೇ ನಂಬದೆ ಈ ಪರೀಕ್ಷೆಗೆ ಒಡ್ಡಲೇಬೇಕಾದ ಒಂದು ಮಾತಿದೆ. ‘ಡೆಟ್ ಆಫ್ ಆನರ್’ ಎಂಬುದು ಕೇಳಲು ಕೃತಜ್ಞತೆಯ ಋಣದಂತಿದ್ದರೂ ಅದಕ್ಕೆ ಖಚಿತವಾದ ಮೊತ್ತ ಇರಬಹುದು. ನ್ಯಾಯಾಲಯದ ಮೂಲಕ ವಸೂಲು ಮಾಡಲಾಗದ, ಕೇವಲ ಮರ್ಯಾದೆಗೆ ಕಟ್ಟುಬಿದ್ದು ತೀರಿಸುವ ಸಾಲ ಅದು. ಜೂಜಿನ ಸಾಲವನ್ನು ಹೀಗೆ ಕರೆಯುವ ರೂಢಿ ಹಳೆಯ ಬ್ರಿಟಿಷ್ ಬರಹಗಳಲ್ಲಿ ಸಾಮಾನ್ಯ.

ಮೂರನೆಯ ಹೆಜ್ಜೆ: ಮಾತಿನ ಹಿಂದಿರುವ ಚಿತ್ರವನ್ನು ಹುಡುಕುವುದು

ಹಣದ ಮಾತು ಎಂದು ಖಚಿತವಾದ ಮೇಲೆ, ಆ ನುಡಿಗಟ್ಟು ಯಾವ ಚಿತ್ರದಿಂದ ಹುಟ್ಟಿದೆ ಎಂದು ನೋಡಬೇಕು. ಚಿತ್ರ ಗೊತ್ತಾದರೆ ಒಂದು ಮಾತಷ್ಟೇ ಅಲ್ಲ, ಒಂದಿಡೀ ಕುಟುಂಬದ ಮಾತುಗಳೆಲ್ಲ ಒಟ್ಟಿಗೆ ಅರ್ಥವಾಗುತ್ತವೆ.

ಎಲ್ಲಕ್ಕಿಂತ ಹಳೆಯ ಕುಟುಂಬ ಗುರುತು ಹಾಕುವುದರದ್ದು. ಕಾಗದದ ಲೆಕ್ಕ ಎಲ್ಲರಿಗೂ ಎಟುಕದಿದ್ದ ಕಾಲದಲ್ಲಿ ಇಂಗ್ಲೆಂಡಿನ ಸರ್ಕಾರಿ ಖಜಾನೆಯೇ ಮರದ ಕಡ್ಡಿಗಳ ಮೇಲೆ ಕಚ್ಚು ಕೊರೆದು ಲೆಕ್ಕ ಇಡುತ್ತಿತ್ತು. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನ ದಪ್ಪ, ಇಪ್ಪತ್ತಕ್ಕೆ ಕಿರುಬೆರಳಿನ ದಪ್ಪ, ಒಂದು ಪೌಂಡಿಗೆ ಜವೆಗೋಧಿಯ ಕಾಳಿನಷ್ಟು. ಆಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ಕೊಟ್ಟವರೂ ಪಡೆದವರೂ ಒಂದೊಂದು ಹೋಳನ್ನು ಇಟ್ಟುಕೊಳ್ಳುತ್ತಿದ್ದರು. ತೀರುವಳಿಯ ದಿನ ಎರಡನ್ನೂ ಜೋಡಿಸಿದಾಗ ಕಚ್ಚುಗಳು ಒಂದಕ್ಕೊಂದು ಕೂಡಬೇಕು. ಒಬ್ಬನು ಗುಟ್ಟಾಗಿ ಒಂದು ಕಚ್ಚು ಹೆಚ್ಚಿಸಿದ್ದರೆ ಇನ್ನೊಂದು ಹೋಳು ಸಾಕ್ಷಿ ಹೇಳುತ್ತಿತ್ತು. ಈ ಕಡ್ಡಿಯ ಹೆಸರು ‘ಟ್ಯಾಲಿ’. ‘ಲೆಕ್ಕ ಟ್ಯಾಲಿ ಆಗುತ್ತಿಲ್ಲ’ ಎಂದು ನಾವು ಕನ್ನಡದಲ್ಲಿ ದಿನವೂ ಹೇಳುವಾಗ ಆ ಎರಡು ಹೋಳುಗಳನ್ನೇ ಅರಿವಿಲ್ಲದೆ ಜೋಡಿಸಿ ನೋಡುತ್ತಿರುತ್ತೇವೆ. 1782ರ ಕಾನೂನು ಈ ಪದ್ಧತಿಯನ್ನು ರದ್ದುಪಡಿಸಿತಾದರೂ ಅದು ಪೂರ್ತಿ ಜಾರಿಗೆ ಬಂದದ್ದು 1826ರಲ್ಲಿ. ರಾಶಿಬಿದ್ದಿದ್ದ ಹಳೆಯ ಕಡ್ಡಿಗಳನ್ನು 1834ರ ಅಕ್ಟೋಬರ್ 16ರಂದು ಸಂಸತ್ ಭವನದ ಒಲೆಗಳಲ್ಲಿ ಸುಡಲು ಹೋಗಿ, ಬೆಂಕಿ ಹೊತ್ತಿಕೊಂಡು ಭವನದ ಬಹುಭಾಗವೇ ಸುಟ್ಟುಹೋಯಿತು.

ಕಚ್ಚು ಎಂಬುದಕ್ಕೆ ಇಂಗ್ಲಿಷಿನ ಇನ್ನೊಂದು ಹಳೆಯ ಪದ ‘ಸ್ಕೋರ್’. ಹೆಂಡದಂಗಡಿಯಲ್ಲಿ ಗಿರಾಕಿಯ ಬಾಕಿಯೂ ಸ್ಕೋರ್ ಆಯಿತು. ‘ಸೆಟಲ್ ದ ಸ್ಕೋರ್’ ಎಂದರೆ ಆ ಬಾಕಿ ಚುಕ್ತಾ ಮಾಡುವುದು ಎಂದಾಯಿತು. ಇಂದು ಆ ಮಾತಿನ ಅರ್ಥ ಬಹುಪಾಲು ಸೇಡು ತೀರಿಸಿಕೊಳ್ಳುವುದು ಎಂದೇ. ಈ ಜಾರುವಿಕೆ ನಮಗೆ ವಿಚಿತ್ರವೆನಿಸಬೇಕಾಗಿಲ್ಲ, ಏಕೆಂದರೆ ಕನ್ನಡವೂ ಸಾಲಕ್ಕೆ, ಸೇಡಿಗೆ ಎರಡಕ್ಕೂ ‘ತೀರಿಸು’ ಎಂಬ ಒಂದೇ ಕ್ರಿಯಾಪದವನ್ನು ಬಳಸುತ್ತದೆ. ‘ಐ ವಿಲ್ ಪೇ ಹಿಮ್ ಬ್ಯಾಕ್ ವಿತ್ ಇಂಟರೆಸ್ಟ್’ ಎಂಬ ಬೆದರಿಕೆಗೂ ‘ಬಡ್ಡಿ ಸಮೇತ ತೀರಿಸುತ್ತೇನೆ’ ಎಂಬ ನಮ್ಮ ಬೆದರಿಕೆಗೂ ಕೂದಲೆಳೆಯಷ್ಟೂ ಅಂತರವಿಲ್ಲ.

ಕಚ್ಚಿನ ಜಾಗಕ್ಕೆ ಸೀಮೆಸುಣ್ಣ ಬಂದಾಗ ‘ಪುಟ್ ಇಟ್ ಆನ್ ದ ಸ್ಲೇಟ್’ ಹುಟ್ಟಿತು: ಈಗ ಕೊಡುವುದಿಲ್ಲ, ಹಲಗೆಯ ಮೇಲೆ ಬರೆದುಕೊಳ್ಳಿ. ಅದೇ ಹಲಗೆಯನ್ನು ಒರೆಸಿದರೆ ‘ಕ್ಲೀನ್ ಸ್ಲೇಟ್’. ಹಳೆಯದನ್ನೆಲ್ಲ ಮರೆತು ಹೊಸದಾಗಿ ಆರಂಭಿಸುವುದು. ‘ಆನ್ ಟಿಕ್’ ಎಂಬ ಬ್ರಿಟಿಷ್ ಮಾತು 17ನೇ ಶತಮಾನದ್ದು. ಟಿಕೆಟ್ ಎಂಬುದರ ಮೊಟಕು ರೂಪ, ಅಂದರೆ ಚೀಟಿ ಬರೆದು ಕೊಡುವ ಉದ್ದರಿ. ಅಮೆರಿಕದ ‘ಆನ್ ದ ಕಫ್’ ಎಂಬುದು ಅಂಗಿಯ ತೋಳಿನ ಪಟ್ಟಿಯ ಮೇಲೆ ಬಾಕಿಯನ್ನು ಗುರುತಿಸಿಟ್ಟುಕೊಳ್ಳುವ ಚಿತ್ರ. ಇದನ್ನು ‘ಆಫ್ ದ ಕಫ್’ ಎಂಬುದರೊಡನೆ ಬೆರೆಸಬಾರದು, ಅದು ಮುಂಚಿತವಾಗಿ ಸಿದ್ಧತೆ ಮಾಡಿಕೊಳ್ಳದೆ ಆಡುವ ಮಾತು.

ಶಾಯಿಯ ಕುಟುಂಬ ಚಿಕ್ಕದು. ಲೆಕ್ಕದ ಪುಸ್ತಕದಲ್ಲಿ ನಷ್ಟವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದುದರಿಂದ ‘ಇನ್ ದ ರೆಡ್’ ಎಂದರೆ ನಷ್ಟದಲ್ಲಿ ಅಥವಾ ಬಾಕಿಯಲ್ಲಿ ಇರುವುದು, ‘ಇನ್ ದ ಬ್ಲ್ಯಾಕ್’ ಎಂದರೆ ಲಾಭದಲ್ಲಿ ಅಥವಾ ಸಾಲವಿಲ್ಲದೆ ಇರುವುದು. ಕಪ್ಪನ್ನು ಕಪ್ಪುಹಣದೊಂದಿಗೆ ತಳುಕುಹಾಕಿ, ಒಳ್ಳೆಯ ಸುದ್ದಿಯನ್ನು ಕೆಟ್ಟ ಸುದ್ದಿಯಾಗಿ ಓದುವ ತಪ್ಪನ್ನು ನಾನು ಹಲವು ಬಾರಿ ಕಂಡಿದ್ದೇನೆ.

ನೀರಿನ ಕುಟುಂಬ ನಮಗೆ ಅತ್ಯಂತ ಸುಲಭ, ಏಕೆಂದರೆ ಸಾಲದಲ್ಲಿ ಮುಳುಗುವುದು, ಸಾಲದ ಸುಳಿಗೆ ಸಿಗುವುದು, ಕತ್ತಿನವರೆಗೆ ಸಾಲ ಬರುವುದು ನಮ್ಮಲ್ಲೂ ಇವೆ. ‘ಅಪ್ ಟು ಒನ್ಸ್ ಇಯರ್ಸ್ ಇನ್ ಡೆಟ್’ ಎಂಬಲ್ಲಿ ಸಾಲದ ಮಟ್ಟ ಕಿವಿಯವರೆಗೆ ಏರಿದೆ, ಅಷ್ಟೇ ವ್ಯತ್ಯಾಸ. ‘ಕೀಪ್ ಒನ್ಸ್ ಹೆಡ್ ಅಬವ್ ವಾಟರ್’ ಎಂದರೆ ಹೇಗೋ ಮುಳುಗದೆ ದಿನ ದೂಡುವುದು. ಗಮನ ಕೊಡಬೇಕಾದದ್ದು ‘ಅಂಡರ್‌ವಾಟರ್’ ಎಂಬುದಕ್ಕೆ. ಮನೆಸಾಲದ ಸಂದರ್ಭದಲ್ಲಿ ಅದು ಸಾಲ ಹೆಚ್ಚಾಗಿದೆ ಎಂಬ ಸಡಿಲ ಮಾತಲ್ಲ. ಮನೆಯ ಇಂದಿನ ಬೆಲೆಗಿಂತ ಉಳಿದಿರುವ ಸಾಲದ ಮೊತ್ತವೇ ದೊಡ್ಡದಾಗಿದೆ ಎಂಬ ನಿರ್ದಿಷ್ಟ ಸ್ಥಿತಿ. 2008ರ ಹೊತ್ತಿನಲ್ಲಿ ಅಮೆರಿಕದ ಮನೆಗಳ ಬೆಲೆ ಕುಸಿದಾಗ ಈ ಪದ ಸುದ್ದಿಗಳಲ್ಲಿ ಮತ್ತೆ ಮತ್ತೆ ಕೇಳಿಬಂತು.

ಒತ್ತೆಯ ಕುಟುಂಬದಲ್ಲಿ ‘ಇನ್ ಹಾಕ್’ ಎಂಬುದು ಅಮೆರಿಕದ್ದು, ‘ಅಪ್ ದ ಸ್ಪೌಟ್’ ಎಂಬುದು ಬ್ರಿಟನ್ನಿನದು. ಎರಡೂ ಮೂಲತಃ ವಸ್ತುವನ್ನು ಗಿರವಿ ಇಡುವುದನ್ನು ಹೇಳುತ್ತವೆ. ‘ಮಾರ್ಟ್‌ಗೇಜ್’ ಎಂಬ ದಿನಬಳಕೆಯ ಪದವೂ ಈ ಮನೆಯದೇ. ಹಳೆಯ ಫ್ರೆಂಚಿನಲ್ಲಿ ಅದರ ಅರ್ಥ ‘ಸತ್ತ ಒತ್ತೆ’. ಸಾಲ ತೀರಿದರೆ ಒತ್ತೆಯು ಸಾಲ ಕೊಟ್ಟವನ ಪಾಲಿಗೆ ಸಾಯುತ್ತದೆ, ತೀರದಿದ್ದರೆ ಆಸ್ತಿಯೇ ಒತ್ತೆ ಇಟ್ಟವನ ಪಾಲಿಗೆ ಸಾಯುತ್ತದೆ ಎಂದು 17ನೇ ಶತಮಾನದ ನ್ಯಾಯವೇತ್ತ ಎಡ್ವರ್ಡ್ ಕೋಕ್ ವಿವರಿಸಿದ್ದಾನೆ.

‘ಪೌಂಡ್ ಆಫ್ ಫ್ಲೆಶ್’ ಎಂಬುದಕ್ಕೆ ಮಾತ್ರ ಕತೆ ತಿಳಿಯದೆ ಗತ್ಯಂತರವಿಲ್ಲ. ಷೇಕ್ಸ್‌ಪಿಯರನ ‘ದ ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಆಂಟೋನಿಯೋ ತನ್ನ ಗೆಳೆಯನಿಗಾಗಿ 3,000 ಡುಕಾಟ್‌ಗಳನ್ನು ಮೂರು ತಿಂಗಳ ಅವಧಿಗೆ ಸಾಲ ತೆಗೆಯುತ್ತಾನೆ. ಗಡುವು ಮೀರಿದರೆ ಅವನ ದೇಹದಿಂದ ಒಂದು ಪೌಂಡು ಮಾಂಸವನ್ನು ಕತ್ತರಿಸಿಕೊಳ್ಳುವ ಹಕ್ಕು ಸಾಲ ಕೊಟ್ಟ ಯಹೂದಿ ಶೈಲಾಕನಿಗೆ ಎಂಬುದು ಕರಾರು. ಆದ್ದರಿಂದ ಈ ನುಡಿಗಟ್ಟು ದೊಡ್ಡ ಸಾಲವನ್ನು ಸೂಚಿಸುವುದಿಲ್ಲ. ಕಾಗದದ ಪ್ರಕಾರ ನ್ಯಾಯವಾಗಿದ್ದರೂ ಮನುಷ್ಯತ್ವವಿಲ್ಲದ ಒತ್ತಾಯದ ವಸೂಲಿಯನ್ನು ಸೂಚಿಸುತ್ತದೆ.

ನಾಲ್ಕನೆಯ ಹೆಜ್ಜೆ: ಕೊಡಬೇಕಾದವರು ಯಾರು ಎಂದು ಖಚಿತಪಡಿಸಿಕೊಳ್ಳುವುದು

ಕನ್ನಡಿಗರು ಹೆಚ್ಚು ಎಡವುವುದು ಇಲ್ಲಿ ಎಂಬುದು ನನ್ನ ಅನುಭವ, ಮತ್ತು ಅದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ. ನಮಗೆ ‘ಸಾಲ’ ಎಂಬ ಒಂದೇ ನಾಮಪದ ಸಾಕು. ಕೊಡು, ತೆಗೆದುಕೊ ಎಂಬ ಕ್ರಿಯಾಪದಗಳು ದಿಕ್ಕನ್ನು ತೋರಿಸುತ್ತವೆ. ‘ಸಾಲಗಾರ’ ಎಂಬ ಪದವಂತೂ ಸಾಲ ಮಾಡಿದವನಿಗೂ ಸಲ್ಲುತ್ತದೆ, ‘ಸಾಲಗಾರರ ಕಾಟ’ ಎನ್ನುವಾಗ ಸಾಲ ಕೊಟ್ಟವನಿಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಲೆಂಡ್ ಮತ್ತು ಬಾರೋ, ಡೆಟರ್ ಮತ್ತು ಕ್ರೆಡಿಟರ್ ಬೇರೆ ಬೇರೆ ಪದಗಳು. ಅವನ್ನು ಅದಲುಬದಲು ಮಾಡಿದರೆ ಸಾಲವೇ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆ.

ನುಡಿಗಟ್ಟುಗಳಲ್ಲಿ ದಿಕ್ಕನ್ನು ಹೇಳುವುದು ಬಹುಮಟ್ಟಿಗೆ ಪುಟ್ಟ ಪದಗಳು. ‘ಆನ್’ ಎಂಬುದನ್ನೇ ನೋಡಿ. ‘ಪುಟ್ ಇಟ್ ಆನ್ ಮೈ ಟ್ಯಾಬ್’ ಎಂದರೆ ನನ್ನ ಬಾಕಿಗೆ ಸೇರಿಸಿ, ನಾನು ಆಮೇಲೆ ಕೊಡುತ್ತೇನೆ. ‘ಇಟ್ ಈಸ್ ಆನ್ ಮೀ’ ಎಂದರೆ ಈ ಸಲದ ಖರ್ಚು ನನ್ನದು, ನೀವು ಕೊಡಬೇಡಿ. ‘ಇಟ್ ಈಸ್ ಆನ್ ದ ಹೌಸ್’ ಎಂದರೆ ಅಂಗಡಿಯವರೇ ಉಚಿತವಾಗಿ ಕೊಡುತ್ತಿದ್ದಾರೆ, ಯಾರೂ ಕೊಡಬೇಕಾಗಿಲ್ಲ. ‘ಆನ್’ ಎಂಬುದರ ನಂತರ ಯಾರಿದ್ದಾರೋ, ಏನಿದೆಯೋ ಅದರ ಮೇಲೆ ಹೊರೆ ಬೀಳುತ್ತದೆ ಎಂದು ತಿಳಿದರೆ ಸಾಕು. ‘ಆನ್ ದ ಹುಕ್ ಫಾರ್’ ಎಂಬಲ್ಲಿ ಮಾತ್ರ ಮನುಷ್ಯನೇ ಗಾಳಕ್ಕೆ ಸಿಕ್ಕಿದ್ದಾನೆ. ಬೇರೆಯವರ ಸಾಲಕ್ಕೆ ಜಾಮೀನು ನಿಂತು ತಾನೇ ಕಟ್ಟಬೇಕಾಗಿ ಬಂದವನ ಸ್ಥಿತಿಗೆ ಅದು ಚೆನ್ನಾಗಿ ಹೊಂದುತ್ತದೆ.

‘ಗುಡ್’ ಎಂಬ ಪದವೂ ಇಲ್ಲಿ ಬೇರೆ ವೇಷ ಹಾಕುತ್ತದೆ. ‘ಡೋಂಟ್ ವರಿ, ಹೀ ಈಸ್ ಗುಡ್ ಫಾರ್ ಇಟ್’ ಎಂಬ ಮಾತು ಆತನ ಸ್ವಭಾವದ ಪ್ರಶಂಸೆಯಲ್ಲ. ಅಷ್ಟು ಹಣವನ್ನು ಮರಳಿಸುವ ಶಕ್ತಿಯೂ ನಿಯತ್ತೂ ಅವನಿಗಿದೆ ಎಂಬ ಭರವಸೆ. ‘ಯುವರ್ ಮನಿ ಈಸ್ ನೋ ಗುಡ್ ಹಿಯರ್’ ಎಂದು ಅಂಗಡಿಯವನು ನಗುತ್ತಾ ಹೇಳಿದರೆ, ನೋಟು ಖೋಟಾ ಎಂದು ಗಾಬರಿಪಡಬೇಕಾಗಿಲ್ಲ. ‘ನಿಮ್ಮಿಂದ ದುಡ್ಡು ತಗೊಳ್ತೀನಾ?’ ಎನ್ನುವ ಆತ್ಮೀಯತೆ ಅದು.

‘ಐ ಓ ಯು ಒನ್’ ಎಂಬುದರಲ್ಲಿ ಮಾತನಾಡುವವರೇ ಋಣಿಗಳು: ನೀವು ಮಾಡಿದ ಉಪಕಾರಕ್ಕೆ ಮುಂದೊಮ್ಮೆ ನಾನು ಸಹಾಯ ಮಾಡುತ್ತೇನೆ. ಮೊದಲ ಮೂರು ಪದಗಳನ್ನು ಕಿವಿಗೆ ಕೇಳಿಸುವಂತೆ ಮೂರೇ ಅಕ್ಷರಗಳಲ್ಲಿ ಬರೆದರೆ ‘ಐಓಯು’ ಆಗುತ್ತದೆ. ಅದು ಇಷ್ಟು ಹಣ ಕೊಡಬೇಕಿದೆ ಎಂದು ಒಪ್ಪಿ ಬರೆದುಕೊಡುವ ಕೈಚೀಟಿ.

ಐದನೆಯ ಹೆಜ್ಜೆ: ಮಾತಿನ ಊರು, ವಯಸ್ಸು, ಮರ್ಯಾದೆಯನ್ನು ಅಳೆಯುವುದು

ಅರ್ಥ ಗೊತ್ತಾದ ಮಾತ್ರಕ್ಕೆ ಬಳಸಲು ಹೊರಡಬಾರದು. ‘ಆನ್ ದ ನೆವರ್-ನೆವರ್’ ಎಂಬುದು ಕಂತಿನ ಖರೀದಿಗೆ ಬ್ರಿಟಿಷರು ಕೊಟ್ಟ ಗೇಲಿಯ ಹೆಸರು, ಕಂತುಗಳು ಎಂದೆಂದಿಗೂ ಮುಗಿಯುವುದಿಲ್ಲ ಎಂಬ ಭಾವ. ಅಮೆರಿಕದ ಓದುಗರಿಗೆ ಇದು ಥಟ್ಟನೆ ಹೊಳೆಯದಿರಬಹುದು. ‘ಇನ್ ದ ಹೋಲ್’ ಎಂದರೆ ಅಮೆರಿಕದಲ್ಲಿ ಸಾಲದಲ್ಲಿರುವುದು. ‘ಸ್ಕಿಂಟ್’ ಎಂದರೆ ಕೈಯಲ್ಲಿ ಕಾಸಿಲ್ಲದಿರುವುದು. ಬ್ರಿಟನ್ನಿನಲ್ಲಿ ಗೆಳೆಯರ ನಡುವೆ ಸರಿ, ಬ್ಯಾಂಕಿಗೆ ಬರೆಯುವ ಅರ್ಜಿಯಲ್ಲಿ ಸರಿಯಲ್ಲ. ಬಾಕಿ ಉಳಿಸಿಕೊಂಡಿರುವುದನ್ನು ಹೇಳುವ ‘ಇನ್ ಅರಿಯರ್ಸ್’ ಎಂಬುದು ಎಲ್ಲೆಡೆಯೂ ನಡೆಯುವ ಔಪಚಾರಿಕ ಮಾತು.

ಎರಡು ಮಾತುಗಳನ್ನು ಓದಿ ತಿಳಿದುಕೊಳ್ಳಬೇಕೇ ಹೊರತು ಬಳಸಬಾರದು. ಕಟುಕ ಬಡ್ಡಿಗಾರನನ್ನು ‘ಶೈಲಾಕ್’ ಎಂದು ಕರೆಯುವುದು ಯಹೂದಿಗಳನ್ನು ಹೀನೈಸುವ ಮಾತು. ಅದರ ಬದಲಿಗೆ ‘ಲೋನ್ ಶಾರ್ಕ್’ ಎಂಬುದಿದೆ. ಕೊಟ್ಟ ಮಾತಿನಂತೆ ಸಾಲ ತೀರಿಸದಿರುವುದಕ್ಕೆ ‘ವೆಲ್ಶ್ ಆನ್ ಎ ಡೆಟ್’ ಎನ್ನುವುದು ವೇಲ್ಸ್ ಜನರಿಗೆ ನೋವುಂಟುಮಾಡುತ್ತದೆ. ‘ರಿನೀಗ್’ ಎಂದರೆ ಕೆಲಸ ನಡೆಯುತ್ತದೆ.

‘ಡೆಡ್‌ಬೀಟ್’ ಎಂಬ ಪದದಲ್ಲಿ ಒಂದು ಸ್ವಾರಸ್ಯವಿದೆ. ಸಾಮಾನ್ಯ ಬಳಕೆಯಲ್ಲಿ ಅದು ಸಾಲ ತೀರಿಸದೆ ತಲೆ ತಪ್ಪಿಸಿಕೊಳ್ಳುವವನನ್ನು ಬೈಯುವ ಪದ. ಅಮೆರಿಕದ ಕ್ರೆಡಿಟ್ ಕಾರ್ಡ್ ಉದ್ಯಮದ ಒಳಮಾತಿನಲ್ಲಾದರೋ, ಪ್ರತಿ ತಿಂಗಳೂ ಬಾಕಿಯನ್ನು ಪೂರ್ತಿ ಕಟ್ಟಿ ಒಂದು ಕಾಸಿನ ಬಡ್ಡಿಯನ್ನೂ ಹುಟ್ಟಿಸದ ಗ್ರಾಹಕನೇ ಡೆಡ್‌ಬೀಟ್.

ಆರನೆಯ ಹೆಜ್ಜೆ: ಹುಟ್ಟಿನ ಕತೆಗಳನ್ನು ಇಸವಿಯ ತಕ್ಕಡಿಗೆ ಹಾಕುವುದು

ಚಿತ್ರ ಹುಡುಕುವ ಉತ್ಸಾಹದಲ್ಲಿ ಕಟ್ಟುಕತೆಗಳನ್ನೂ ನಂಬಿಬಿಡುವ ಅಪಾಯವಿದೆ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುವುದಕ್ಕೆ ‘ರಾಬ್ ಪೀಟರ್ ಟು ಪೇ ಪಾಲ್’ ಎನ್ನುತ್ತಾರೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿರುವ ಸಂತ ಪೀಟರನ ಚರ್ಚಿನ ಆಸ್ತಿಯನ್ನು 1550ರ ಸುಮಾರಿಗೆ ಸಂತ ಪಾಲನ ಕೆಥೆಡ್ರಲ್ಲಿನ ದುರಸ್ತಿಗೆ ಕೊಟ್ಟದ್ದರಿಂದ ಈ ಮಾತು ಹುಟ್ಟಿತು ಎಂಬ ಕತೆ ಬಹಳ ಅಚ್ಚುಕಟ್ಟಾಗಿದೆ. ಆದರೆ ಅದಕ್ಕೆ ಕನಿಷ್ಠ ಒಂದು ಶತಮಾನದಷ್ಟು ಹಿಂದೆಯೇ ಪೀಟರನನ್ನು ದೋಚಿ ಪಾಲನಿಗೆ ಕೊಡುವ ಮಾತು ಇಂಗ್ಲಿಷ್ ಬರಹಗಳಲ್ಲಿ ಸಿಗುತ್ತದೆ. ಮಗು ತಾಯಿಗಿಂತ ಮೊದಲು ಹುಟ್ಟಲಾರದು. ‘ಕ್ಯಾಶ್ ಆನ್ ದ ನೇಲ್’ ಎಂಬುದು ಬ್ರಿಸ್ಟಲ್ ನಗರದ ವ್ಯಾಪಾರಿಗಳು ಹಣ ಎಣಿಸುತ್ತಿದ್ದ, ‘ನೇಲ್’ ಎಂದು ಕರೆಯುವ ಕಂಚಿನ ಕಂಬಗಳಿಂದ ಬಂತು ಎಂಬ ಕತೆಯೂ ಇದೇ ಬಗೆಯದು. ಕಂಬಗಳು ನಿಜವಾಗಿಯೂ ಇವೆ; ಮಾತು ಅವಕ್ಕಿಂತ ಹಳೆಯದು. ಅರ್ಥವಂತೂ ಸರಳ: ಕೈಮೇಲೆ ನಗದು, ಉದ್ದರಿ ಇಲ್ಲ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನವಾದ ‘ಬ್ಲ್ಯಾಕ್ ಫ್ರೈಡೇ’ ದಿನ ಅಂಗಡಿಗಳು ನಷ್ಟದ ಕೆಂಪಿನಿಂದ ಲಾಭದ ಕಪ್ಪಿಗೆ ಬರುತ್ತವೆ ಎಂಬ ವಿವರಣೆಯನ್ನೂ ಆಮೇಲೆ ಜೋಡಿಸಲಾಗಿದೆ. ಆ ಹೆಸರು ರೂಢಿಗೆ ಬಂದದ್ದು ಫಿಲಡೆಲ್ಫಿಯಾದ ಪೊಲೀಸರು ಅಂದಿನ ಜನಜಂಗುಳಿಯನ್ನೂ ವಾಹನದಟ್ಟಣೆಯನ್ನೂ ಶಪಿಸುತ್ತಾ ಆಡಿದ ಮಾತಿನಿಂದ.

ಏಳನೆಯ ಹೆಜ್ಜೆ: ಕನ್ನಡದ ಜೋಡಿಯನ್ನು ಹುಡುಕುವುದು, ಸಿಗದಿದ್ದರೆ ಒತ್ತಾಯಿಸದಿರುವುದು

ಕೆಲವು ಜೋಡಿಗಳು ತಾವಾಗಿ ಕೂಡುತ್ತವೆ. ‘ಲಿವ್ ವಿದಿನ್ ಯುವರ್ ಮೀನ್ಸ್’ ಎಂಬುದಕ್ಕೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದಕ್ಕಿಂತ ಒಳ್ಳೆಯ ಅನುವಾದ ಬೇಕಿಲ್ಲ. ಕೆಲವು ಅರ್ಧ ಮಾತ್ರ ಕೂಡುತ್ತವೆ. ‘ಮೂನ್‌ಲೈಟ್ ಫ್ಲಿಟ್’ ಎಂದರೆ ಬಾಡಿಗೆ ಅಥವಾ ಸಾಲ ಕಟ್ಟದೆ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿಕೊಂಡು ಹೋಗುವುದು; ‘ರಾತ್ರೋರಾತ್ರಿ ಪರಾರಿ’ ಎಂದರೆ ಘಟನೆ ಬಂತು, ಬ್ರಿಟಿಷರ ಮಾತಿನಲ್ಲಿರುವ ತುಂಟ ನಗು ಬರಲಿಲ್ಲ. ‘ಪಂಗನಾಮ ಹಾಕು’ ಎಂದರೆ ನಗು ಬರುತ್ತದೆ, ರಾತ್ರಿ ಹೋಗುತ್ತದೆ. ಸಂದರ್ಭಕ್ಕೆ ಎರಡರಲ್ಲಿ ಯಾವುದು ಮುಖ್ಯ ಎಂದು ತೂಗಿ ನೋಡಿ ಆರಿಸಬೇಕು.

ಏಳೂ ಹೆಜ್ಜೆಗಳನ್ನು ಒಂದು ಪುಟ್ಟ ಭಾಗದ ಮೇಲೆ ಪ್ರಯೋಗಿಸಿ ನೋಡೋಣ. ‘ಟಾಮ್ ವಾಸ್ ಇನ್ ದ ರೆಡ್ ಅಂಡ್ ರಾಬಿಂಗ್ ಪೀಟರ್ ಟು ಪೇ ಪಾಲ್. ಹಿಸ್ ಸಿಸ್ಟರ್, ಟು ಹರ್ ಕ್ರೆಡಿಟ್, ವೈಪ್ಡ್ ದ ಸ್ಲೇಟ್ ಕ್ಲೀನ್. ಐ ಓ ಯು ಒನ್, ಹೀ ಸೆಡ್. ಯು ಓ ಮೀ ನೈನ್ ಹಂಡ್ರೆಡ್, ಶೀ ಸೆಡ್.’ ಮೊದಲ ವಾಕ್ಯಕ್ಕೆ ‘ಎಷ್ಟು?’ ಎಂದು ಕೇಳಿದರೆ ಉತ್ತರ ಇರಬಹುದು, ಆದ್ದರಿಂದ ಹಣದ ಮಾತು. ‘ಟು ಹರ್ ಕ್ರೆಡಿಟ್’ ಎಂಬಲ್ಲಿ ಪ್ರಶ್ನೆ ನಿಲ್ಲುವುದಿಲ್ಲ. ಅದು ಮೆಚ್ಚುಗೆ, ಅವಳ ಖಾತೆಗೆ ಹಣ ಬಿದ್ದದ್ದಲ್ಲ. ಹಲಗೆ ಒರೆಸಿದ್ದು ಎಂದರೆ, ಅವನು ತನಗೆ ಕೊಡಬೇಕಿದ್ದುದನ್ನು ಅವಳು ಮನ್ನಾ ಮಾಡಿದಳು ಎಂದಾಗುತ್ತದೆ. ಕೊನೆಯ ಎರಡು ಮಾತುಗಳಲ್ಲಿ ತಮಾಷೆ ಅಡಗಿದೆ: ಅಣ್ಣ ಉಪಕಾರದ ಋಣವೆಂದು ‘ಒನ್’ ಎಂದ, ತಂಗಿ ಅದನ್ನೇ ಎಣಿಕೆಯೆಂದು ಹಿಡಿದು, ತಾನು ಬಿಟ್ಟುಕೊಟ್ಟ ಬಾಕಿಯನ್ನೇ ನೆನಪಿಸುತ್ತಾ ‘ನೈನ್ ಹಂಡ್ರೆಡ್’ ಎಂದಳು. ನನ್ನ ಕನ್ನಡ ಹೀಗಾದೀತು: ‘ಟಾಮ್ ನಷ್ಟದಲ್ಲಿ ಬಿದ್ದು, ಸಾಲಕ್ಕೆ ಸಾಲ ಮಾಡಿ ತೀರಿಸುತ್ತಿದ್ದ. ಅವನ ತಂಗಿ ದೊಡ್ಡ ಮನಸ್ಸು ಮಾಡಿ ತನ್ನ ಬಾಕಿಯನ್ನು ಬಿಟ್ಟುಕೊಟ್ಟಳು. “ನಿನ್ನ ಋಣ ತೀರಿಸಲು ಆಗುವುದಿಲ್ಲ” ಎಂದ. “ಆಗುತ್ತೆ ಅಣ್ಣ, ಒಂಬೈನೂರು ಕೊಟ್ಟರೆ ತೀರುತ್ತೆ” ಎಂದಳು.’ ಇಂಗ್ಲಿಷಿನ ಶ್ಲೇಷೆ ಎಣಿಕೆಯ ಪದದಲ್ಲಿತ್ತು. ಕನ್ನಡದಲ್ಲಿ ಅದನ್ನು ‘ತೀರಿಸು’ ಎಂಬುದಕ್ಕೆ ಸರಿಸಬೇಕಾಯಿತು.

ಬರೆದಿಟ್ಟುಕೊಳ್ಳುವಾಗ ನುಡಿಗಟ್ಟನ್ನು ಪೂರ್ತಿ ವಾಕ್ಯದೊಳಗೇ ಬರೆದುಕೊಳ್ಳಿ, ಏಕೆಂದರೆ ಅದರ ರೂಪ ಅಲುಗಾಡುವುದಿಲ್ಲ. ‘ಇನ್ ದ ರೆಡ್’ ಎಂಬಲ್ಲಿ ‘ದ’ ಬೇಕೇ ಬೇಕು. ‘ಆನ್ ಟಿಕ್’ ಎಂಬಲ್ಲಿ ಅದು ಬರಬಾರದು. ಆದಾಯಕ್ಕೆ ಖರ್ಚನ್ನು ಸರಿದೂಗಿಸುವುದು ಎಂಬ ಅರ್ಥದ ‘ಮೇಕ್ ಎಂಡ್ಸ್ ಮೀಟ್’ ಎಂಬಲ್ಲಿ ‘ಎಂಡ್ಸ್’ ಎಂಬ ಬಹುವಚನವೇ ಇರಬೇಕು, ‘ಎಂಡ್’ ಎಂಬ ಏಕವಚನವಾಗಬಾರದು.

ಕೊನೆಯದಾಗಿ, ನೀವೇ ಬಿಡಿಸಿ ನೋಡಲು ತಕ್ಕ ಒಂದು ಮಾತು: ‘ವರ್ಕಿಂಗ್ ಫಾರ್ ಎ ಡೆಡ್ ಹಾರ್ಸ್’. ಹಾಯಿಹಡಗುಗಳ ಕಾಲದಲ್ಲಿ ನಾವಿಕರಿಗೆ ಒಂದು ತಿಂಗಳ ಸಂಬಳ ಮುಂಗಡವಾಗಿ ಸಿಗುತ್ತಿತ್ತು. ಹಡಗು ಬಂದರು ಬಿಡುವ ಮೊದಲೇ ಅದು ಖರ್ಚಾಗಿರುತ್ತಿತ್ತು. ಸಮುದ್ರದಲ್ಲಿ ಮೊದಲ ತಿಂಗಳ ದುಡಿಮೆಯೆಲ್ಲ ಆಗಲೇ ಕರಗಿಹೋದ ಹಣಕ್ಕೆ, ಅಂದರೆ ಸತ್ತ ಕುದುರೆಗೆ. ಆ ತಿಂಗಳು ಮುಗಿದ ದಿನ ನಾವಿಕರು ಹುಲ್ಲು ತುಂಬಿದ ಗೋಣಿಯ ಕುದುರೆಯೊಂದನ್ನು ಹಾಡುತ್ತಾ ಹಗ್ಗದಿಂದ ಮೇಲಕ್ಕೆಳೆದು, ಹಗ್ಗ ಕತ್ತರಿಸಿ ಸಮುದ್ರಕ್ಕೆ ಕೆಡವುತ್ತಿದ್ದರು. ಮರುದಿನದಿಂದ ಅವರು ದುಡಿಯುತ್ತಿದ್ದುದು ತಮಗಾಗಿ.